ಮಕ್ಕಳಿಗೆ ಯೂನಿಫಾರ್ಮ್ ಬೇಕಾ, ಬೇಡವಾ? ನಿಮ್ಮ ಮನೆಯ ಅನುಭವ ಹೇಳಿ

ನವನಗರದ ಅಪ್ಪ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಆರನೇ ತರಗತಿ, ಮಗ ಎರಡನೇ ತರಗತಿ. ಇಬ್ಬರೂ ಒಂದೇ ಖಾಸಗಿ ಶಾಲೆಗೆ ಹೋಗುತ್ತಾರೆ, ರಾಜ್ಯ ಪಠ್ಯಕ್ರಮ. ಹೋದ ವರ್ಷವಷ್ಟೇ ಇಬ್ಬರಿಗೂ ಎರಡೆರಡು ಜೊತೆ ಯೂನಿಫಾರ್ಮ್ ಹೊಲಿಸಿದ್ದೆ. ಮಗಳ ಸ್ಕರ್ಟಿನ ಮಡಿಕೆ ಬಿಚ್ಚಿದರೆ ಈ ವರ್ಷವೂ ಆರಾಮಾಗಿ ನಡೆಯುತ್ತಿತ್ತು.

ಮೇ ಕೊನೆಯ ವಾರ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಈ ವರ್ಷದಿಂದ ಬಣ್ಣ ಬೇರೆ, ಚೌಕಡಿ ಬೇರೆ, ಟೈ ಬೇರೆ. ಇಂಥ ಅಂಗಡಿಯಲ್ಲೇ ತಗೊಳ್ಳಬೇಕು, ಬೇರೆ ಕಡೆ ಹೊಲಿಸಿದರೆ ನಡೆಯಲ್ಲ. ಅಂಗಡಿಗೆ ಹೋದೆ. ಇಬ್ಬರಿಗೂ ಎರಡೆರಡು ಜೊತೆ, ಶನಿವಾರದ ಬಿಳಿ ಡ್ರೆಸ್ ಒಂದೊಂದು, ಟೈ, ಬೆಲ್ಟ್, ಕಪ್ಪು ಬೂಟು, ಬಿಳಿ ಬೂಟು. ಬಿಲ್ಲು 9,640 ರೂಪಾಯಿ. ನನ್ನದು ಸಣ್ಣ ಕಿರಾಣಿ ಅಂಗಡಿ. ಜೂನ್ ತಿಂಗಳಲ್ಲಿ ಫೀ, ಪುಸ್ತಕ ಎಲ್ಲಾ ಒಟ್ಟಿಗೇ ಬಂದು ಕೂತಿರುತ್ತೆ. ಅದರ ಮೇಲೆ ಇದು.

ಮನೆಗೆ ಬಂದ ಮೇಲೆ ಮಗಳು ಹಳೆ ಸ್ಕರ್ಟ್ ಕೈಯಲ್ಲಿ ಹಿಡಿದು ಕೇಳಿದಳು. 'ಅಪ್ಪಾ, ಇದು ಎಲ್ಲೂ ಹರಿದಿಲ್ಲ. ಮತ್ತ್ಯಾಕ ಹೊಸಾದು?' ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಈ ಯೂನಿಫಾರ್ಮ್ ನಿಜವಾಗಿಯೂ ಬೇಕಾ? ಮಕ್ಕಳು ಮನೆಯ ಬಟ್ಟೆ ಹಾಕಿಕೊಂಡು ಶಾಲೆಗೆ ಹೋದರೆ ಏನು ಕೆಡುತ್ತೆ? ಸುಮ್ನೆ ಸಿಟ್ಟಿನಲ್ಲಿ ಕೇಳುತ್ತಿಲ್ಲ, ತಿಳಿದವರು ಹೇಳಿ.


ಗುಮ್ಮಟದ ಓಣಿ, ವಿಜಯಪುರ

ಬೇಕೇ ಬೇಕು ಅಣ್ಣಾ. ನಮ್ಮ ಮನೆಯಲ್ಲಿ ಮೂರು ಮಕ್ಕಳು. ಭಾನುವಾರ ಎಲ್ಲಾದರೂ ಹೊರಡಬೇಕು ಅಂದ್ರೆ ಯಾವ ಅಂಗಿ, ಯಾವ ಪ್ಯಾಂಟು ಅಂತ ಒಂದು ತಾಸು ಜಗಳ. ಸೋಮವಾರ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಮೂವರೂ ರೆಡಿ. ಇಷ್ಟು ಸಾಕು ನನಗೆ.


ಎರಡನೇ ಪಿಯು, ಜಮಖಂಡಿ

ನಾನು ಇನ್ನೂ ಓದುತ್ತಿರುವ ಹುಡುಗ, ಅದಕ್ಕೇ ಹೇಳುತ್ತೇನೆ. ಹನ್ನೆರಡು ವರ್ಷ ಯೂನಿಫಾರ್ಮ್ ಹಾಕಿದ್ದೇನೆ. ಎಲ್ಲರೂ ಸಮಾನ ಅಂತಾರೆ. ಆದ್ರೆ ಯಾರ ಮನೆ ಹೇಗಿದೆ ಅಂತ ನಮಗೆ ಮೊದಲ ದಿನವೇ ಗೊತ್ತಾಗುತ್ತೆ. ಬೂಟು ನೋಡಿದರೆ ಗೊತ್ತು, ಕೈಗಡಿಯಾರ ನೋಡಿದರೆ ಗೊತ್ತು, ಬುತ್ತಿ ಡಬ್ಬಿ ತೆಗೆದರೆ ಗೊತ್ತು. ಬಿಳಿ ಅಂಗಿ ಹಳದಿ ತಿರುಗಿದೆಯಾ ಇಲ್ವಾ ಅನ್ನೋದರಲ್ಲೂ ಗೊತ್ತಾಗುತ್ತೆ. ಬಟ್ಟೆ ಒಂದು ಮಾಡಿದರೆ ಬಡತನ ಕಾಣಲ್ಲ ಅಂತ ದೊಡ್ಡವರು ಅಂದುಕೊಂಡಿದ್ದೀರಿ, ಅಷ್ಟೇ. ನಮ್ಮ ಇಷ್ಟದ ಬಟ್ಟೆ ಹಾಕೋಕೆ ಬಿಡಿ. ಹದಿನೇಳು ವರ್ಷದವನಿಗೆ ಅಷ್ಟು ಬುದ್ಧಿ ಇರುತ್ತೆ.


ತಾಂಡಾದ ಮಗಳು, ವಿಜಯಪುರ

ಜಮಖಂಡಿ ತಮ್ಮಾ, ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ಬೂಟು, ಡಬ್ಬಿ ನೋಡಿ ಗೊತ್ತಾಗೋದು ಖರೆ. ಆದರೆ ನನ್ನ ಮಾತೂ ಸ್ವಲ್ಪ ಕೇಳು.

ನಾನು ಲಮಾಣಿ ತಾಂಡಾದಲ್ಲಿ ಹುಟ್ಟಿದವಳು. ಈಗ ನರ್ಸ್ ಆಗಿದ್ದೇನೆ. ನಮ್ಮ ಅವ್ವ ಅಪ್ಪ ದೀಪಾವಳಿ ಸುತ್ತಮುತ್ತ ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಹೋದರೆ ತಿರುಗಿ ಬರುವುದು ಬೇಸಿಗೆಗೆ. ನಾನು, ನನ್ನ ತಂಗಿ ಅಜ್ಜಿ ಹತ್ತಿರ. ನಮ್ಮಿಬ್ಬರಿಗೂ ಇದ್ದದ್ದು ಮನೆಯಲ್ಲಿ ಉಡೋಕೆ ಒಂದು ಫ್ರಾಕು, ಸಾಲಿಯವರು ಕೊಟ್ಟ ಒಂದು ಜೊತೆ ಡ್ರೆಸ್. ಫ್ರಾಕಿನ ಬೆನ್ನಿನ ಗುಂಡಿ ಹೋಗಿ ಪಿನ್ ಹಾಕಿಕೊಳ್ಳುತ್ತಿದ್ದೆ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಆಗುತ್ತಲ್ಲ, ಆ ವರ್ಷ ಅಜ್ಜಿ ನಮ್ಮನ್ನ ಕರೆದುಕೊಂಡು ಹೋದಳು. ನಾವಿಬ್ಬರೂ ಯೂನಿಫಾರ್ಮ್ ಹಾಕಿಕೊಂಡೇ ಹೋದೆವು. ಅದೇ ನಮ್ಮ ಒಳ್ಳೆ ಬಟ್ಟೆ. ಹಿಂದಿನ ದಿನ ರಾತ್ರಿ ಅಜ್ಜಿ ತಂಬಿಗೆಯಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡಿದ್ದಳು. ತಂಬಿಗೆಯ ತಳ ಜಾಸ್ತಿ ಕಾದು ನನ್ನ ಕಾಲರ್ ಹತ್ತಿರ ಒಂದು ಕಂದು ಕಲೆ ಬಿತ್ತು. ಅಜ್ಜಿ ಅದನ್ನ ನೋಡುತ್ತಾ ತುಂಬಾ ಹೊತ್ತು ಸುಮ್ಮನೆ ಕೂತಿದ್ದಳು. ಆ ಕಲೆ ಏಳನೇ ಕ್ಲಾಸಿನ ತನಕ ನನ್ನ ಜೊತೆ ಇತ್ತು.

ಆರು ದಿನ ಶಾಲೆಯಲ್ಲಿ ನನ್ನ ಬಟ್ಟೆ ಎಲ್ಲರಂಥದ್ದೇ ಇರುತ್ತಿತ್ತು. ಕಲರ್ ಡ್ರೆಸ್ ಹಾಕೋ ದಿನ ಮಾತ್ರ ನನಗೆ ಹೊಟ್ಟೆನೋವು ಬರುತ್ತಿತ್ತು. ಹುಟ್ಟುಹಬ್ಬದ ದಿನ ಕಲರ್ ಡ್ರೆಸ್ ಹಾಕಿ ಚಾಕಲೇಟ್ ಹಂಚೋದು ಒಂದು ರೂಢಿ ಇದೆಯಲ್ಲ? ನಾನು ಹುಟ್ಟುಹಬ್ಬದ ದಿನ ಯಾವತ್ತೂ ಶಾಲೆಗೆ ಹೋದವಳಲ್ಲ. ದಿನಾ ಮನೆಯ ಬಟ್ಟೆ ಅಂದಿದ್ದರೆ ನಾನು ಎಷ್ಟು ದಿನ ಹೋಗುತ್ತಿದ್ದೆ, ಗೊತ್ತಿಲ್ಲ.


ನವನಗರದ ಅಪ್ಪ, ಬಾಗಲಕೋಟೆ

ಅಕ್ಕಾರೇ, ನಿಮ್ಮ ಮಾತು ಓದಿ ಅಂಗಡಿಯಲ್ಲಿ ಕೂತವನು ಎರಡು ಸಲ ತೂಕ ತಪ್ಪಿದೆ. ಹುಟ್ಟುಹಬ್ಬದ ವಿಷಯ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.


ಟಿಳಕವಾಡಿ ತಾಯಿ, ಬೆಳಗಾವಿ

ನಾನು ಯೂನಿಫಾರ್ಮ್ ಬೇಡ ಅನ್ನುವುದಿಲ್ಲ. ಆದರೆ ಯಾವ ಯೂನಿಫಾರ್ಮ್ ಅಂತ ಯಾರೂ ಕೇಳುವುದೇ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಶನಿವಾರದ ಬಿಳಿ ಡ್ರೆಸ್ ವಿಷಯ.

ನನ್ನ ಮಗಳು ಎಂಟನೇ ತರಗತಿ. ಹೋದ ವರ್ಷ ಮುಟ್ಟು ಶುರುವಾಯಿತು. ಒಂದು ಶನಿವಾರ ಡ್ರಿಲ್ ಇತ್ತು. ಬಿಳಿ ಪ್ಯಾಂಟು, ಬಿಳಿ ಟೀ ಶರ್ಟ್. ಅವಳು ಮನೆಗೆ ಬಂದಾಗ ಸೊಂಟಕ್ಕೆ ಗೆಳತಿಯ ಸ್ವೆಟರ್ ಕಟ್ಟಿಕೊಂಡಿದ್ದಳು. ಒಂದು ಮಾತೂ ಆಡದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಮೂರು ಶನಿವಾರ ಜ್ವರ ಅಂತ ಸುಳ್ಳು ಹೇಳಿ ಮನೆಯಲ್ಲಿ ಉಳಿದಳು. ಸುಳ್ಳು ಅಂತ ನನಗೆ ಗೊತ್ತಿತ್ತು. ಬಯ್ಯಲಿಲ್ಲ.

ನಾನೇ ಶಾಲೆಗೆ ಹೋಗಿ ಕೇಳಿದೆ. ಹೆಣ್ಣುಮಕ್ಕಳಿಗೆ ಶನಿವಾರ ಕಡುನೀಲಿ ಪ್ಯಾಂಟು ಮಾಡಿ, ಮೇಲೆ ಬಿಳಿ ಟೀ ಶರ್ಟ್ ಇರಲಿ ಅಂದೆ. 'ಮೊದಲಿನಿಂದ ಹೀಗೇ ಇದೆ ಮೇಡಂ' ಅಂದರು. ಮೊದಲಿನಿಂದ ಇದ್ದದ್ದನ್ನ ಯಾರು ತಂದರೋ, ಅವರು ಹದಿಮೂರು ವರ್ಷದ ಹುಡುಗಿಯನ್ನ ಕೇಳಿ ತಂದಿರಲಿಕ್ಕಿಲ್ಲ. ಇಲ್ಲಿ ಶಿಕ್ಷಕರು ಯಾರಾದರೂ ಇದ್ದರೆ ದಯವಿಟ್ಟು ನಿಮ್ಮ ಶಾಲೆಯಲ್ಲಿ ಒಮ್ಮೆ ಈ ಮಾತು ಎತ್ತಿ.


ಗುಮ್ಮಟದ ಓಣಿ, ವಿಜಯಪುರ

ಮೇಡಂ, ನನಗೆ ಮೂರೂ ಹೆಣ್ಣುಮಕ್ಕಳು. ದೊಡ್ಡವಳು ಏಳನೇ ಕ್ಲಾಸು. ಇದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ಪಾಲಕರ ಸಭೆಯಲ್ಲಿ ನಾನೇ ಕೇಳುತ್ತೇನೆ, ಗಂಡಸರೂ ಕೇಳಬೇಕು ಇದನ್ನ.

ಇನ್ನೊಂದು ಸೇರಿಸುತ್ತೇನೆ. ನಮ್ಮ ಕಡೆಯ ಬಿಸಿಲು. ವಿಜಯಪುರ, ಬಾಗಲಕೋಟೆ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ದೊಡ್ಡವರಿಗೆ ಬಿಸಿಲು ಆಗಲ್ಲ ಅಂತ ತಾನೇ? ಜೂನ್‌ನಲ್ಲಿ ಮಳೆ ಹಿಡಿಯೋ ತನಕ ಸೆಕೆ ಹಾಗೇ ಇರುತ್ತೆ. ಅದರಲ್ಲಿ ಆರು ವರ್ಷದ ಕೂಸಿನ ಕೊರಳಿಗೆ ಟೈ, ಸೊಂಟಕ್ಕೆ ಬೆಲ್ಟು, ಕಾಲಿಗೆ ನೈಲಾನ್ ಸಾಕ್ಸು, ಬೂಟು. ಸಣ್ಣವಳ ಕೊರಳ ಸುತ್ತ ಬೆವರುಗುಳ್ಳೆ ಎದ್ದು ಪುಡಿ ಹಚ್ಚಿ ಹಚ್ಚಿ ಸಾಕಾಯಿತು. ಹತ್ತಿ ಬಟ್ಟೆ, ಚಪ್ಪಲಿ ಇಷ್ಟಿದ್ದರೆ ಓದು ಹತ್ತಲ್ವಾ? ಮೊದಲ ಸಲ ಬೇಕೇ ಬೇಕು ಅಂದವನು ನಾನೇ. ಬೇಕು. ಟೈ ಬೇಡ.


ಖಾನಾಪುರದ ಮಳೆ

ವಿಜಯಪುರದವರು ಬಿಸಿಲು ಅಂತೀರಿ, ನಮ್ಮ ಗೋಳು ಉಲ್ಟಾ. ಬೆಳಗಾವಿ ಜಿಲ್ಲೆಯೇ ಆದರೂ ಖಾನಾಪುರ ತಾಲ್ಲೂಕಿನ ಕಾಡಿನ ಕಡೆ, ಕಣಕುಂಬಿ ಅತ್ತ, ಜೂನ್ ಕೊನೆಯಿಂದ ಎರಡು ತಿಂಗಳು ಸೂರ್ಯ ಕಾಣೋದೇ ಅಪರೂಪ. ಮಕ್ಕಳು ಎರಡು ಮೂರು ಕಿಲೋಮೀಟರ್ ನಡೆದು ಬರುತ್ತಾರೆ. ಒಂದೇ ಜೊತೆ ಇದ್ದರೆ ಒದ್ದೆ ಅಂಗಿಯನ್ನೇ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಜುಲೈ ತಿಂಗಳಲ್ಲಿ ನಮ್ಮ ಶಾಲೆಯ ಕೋಣೆಗೆ ಕಾಲಿಟ್ಟರೆ ಹೊಗೆಯ ವಾಸನೆ. ಮಕ್ಕಳ ಅಂಗಿಯದು.

ಹಾಗಾಗಿ ಎರಡನೇ ಜೊತೆ ನಮ್ಮಲ್ಲಿ ಹೆಚ್ಚುವರಿ ಅಲ್ಲ. ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಇದೇ ಎರಡನೇ ಜೊತೆಗಾಗಿ ಹೈಕೋರ್ಟಿಗೆ ಹೋಗಿದ್ದ ನೆನಪಿದೆಯಾ? 2019ರಲ್ಲಿ ಕೋರ್ಟು ಸರ್ಕಾರಕ್ಕೆ ಎರಡನೇ ಜೊತೆ ಬಟ್ಟೆ, ಶೂ, ಸಾಕ್ಸ್ ಕೊಡಿ ಅಂತ ಹೇಳಿತು. ಒಂದು ಮಗು ಅಂಗಿಗಾಗಿ ಅಷ್ಟು ದೂರ ಹೋಗಬೇಕಾಯಿತು.


ಸರ್ಕಾರಿ ಶಾಲೆ ಮಾಸ್ತರು, ರಾಮದುರ್ಗ ತಾಲ್ಲೂಕು

ಇಪ್ಪತ್ತೆರಡು ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಎರಡು ಸಂಗತಿ ಹೇಳಬೇಕು.

ಮೊದಲನೆಯದು ನನ್ನ ತಪ್ಪು. ನೌಕರಿ ಸೇರಿದ ಹೊಸತರಲ್ಲಿ ಶಿಸ್ತು ಅಂದ್ರೆ ಯೂನಿಫಾರ್ಮ್ ಅಂದುಕೊಂಡಿದ್ದೆ. ನಾಲ್ಕನೇ ತರಗತಿಯ ಒಬ್ಬ ಹುಡುಗ ಎರಡು ದಿನ ಹಳದಿ ಬನಿಯನ್ ಹಾಕಿಕೊಂಡು ಬಂದ. ಮೂರನೇ ದಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಹೊರಗೆ ನಿಲ್ಲಿಸಿದೆ, ಡ್ರೆಸ್ ಹಾಕಿಕೊಂಡು ಬಾ ಅಂತ ಮನೆಗೆ ಕಳಿಸಿದೆ. ಅವನು ನಾಲ್ಕು ದಿನ ಬರಲೇ ಇಲ್ಲ. ಐದನೇ ದಿನ ನಾನೇ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಅವನ ತಾಯಿ ಸಿಕ್ಕಿದಳು. ಅಂಗಿ ಎಮ್ಮೆಯ ಕೊಂಬಿಗೆ ಸಿಕ್ಕು ಬೆನ್ನುದ್ದಕ್ಕೂ ಹರಿದಿತ್ತು. ತೋರಿಸಿದಳು. ಹೊಲಿದಿದ್ದಳು, ಆದರೆ ಬಿಳಿ ಬಟ್ಟೆಗೆ ಕಪ್ಪು ದಾರ. ಮನೆಯಲ್ಲಿ ಇದ್ದದ್ದು ಅದೇ. 'ಇದನ್ನ ಹಾಕ್ಕೊಂಡ್ರ ಹುಡುಗ್ರು ನಗ್ತಾರ್ರೀ ಅಂತ ಒಲ್ಲೆ ಅಂತಾನ್ರೀ' ಅಂದಳು. ಹುಡುಗ ಒಳಗೆ ಕಂಬದ ಹಿಂದೆ ನಿಂತು ನನ್ನ ಮುಖ ನೋಡುತ್ತಿದ್ದ.

ಅವತ್ತಿನಿಂದ ನಾನು ಬಟ್ಟೆಗಾಗಿ ಒಬ್ಬ ಮಗುವನ್ನೂ ಹೊರಗೆ ನಿಲ್ಲಿಸಿಲ್ಲ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರ 17ನೇ ಕಲಂ ಮಗುವಿಗೆ ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಎಲ್ಲರ ಮುಂದೆ ನಿಲ್ಲಿಸುವುದು ಹಿಂಸೆ ಅಲ್ಲದೆ ಮತ್ತೇನು?

ಈಗ ನಮ್ಮ ಶಾಲೆಯಲ್ಲಿ ಒಂದು ಟ್ರಂಕು ಇದೆ. ಏಳನೇ ತರಗತಿ ಮುಗಿಸಿ ಹೋಗುವ ಮಕ್ಕಳು ಚೆನ್ನಾಗಿರುವ ಬಟ್ಟೆ ಒಗೆದು ತಂದು ಅದರಲ್ಲಿ ಇಡುತ್ತಾರೆ. ಯಾರಿಗೆ ಬೇಕೋ ಅವರು ಸಂಜೆ ಶಾಲೆ ಬಿಟ್ಟ ಮೇಲೆ ಅಕ್ಕೋರ ಹತ್ತಿರ ಕೇಳಿ ತಗೊಂಡು ಹೋಗುತ್ತಾರೆ. ಹಗಲು ಹೊತ್ತಿನಲ್ಲಿ ಕೊಡುವುದಿಲ್ಲ, ಬೇರೆ ಮಕ್ಕಳ ಕಣ್ಣಿಗೆ ಬೀಳಬಾರದು ಅಂತ.

ಎರಡನೆಯದು 2019ರ ಆಗಸ್ಟ್. ಮಲಪ್ರಭಾ ಬಂದಾಗ ನಮ್ಮ ಊರಿನ ಅರ್ಧ ಮನೆಗಳು ನೀರಲ್ಲಿ. ಜನ ಕಾಳಜಿ ಕೇಂದ್ರದಲ್ಲಿ. ಪಾಟಿಚೀಲ, ಪುಸ್ತಕ, ಬಟ್ಟೆ ಎಲ್ಲಾ ಹೋಯಿತು. ಶಾಲೆ ಮತ್ತೆ ಶುರುವಾದಾಗ ಮಕ್ಕಳು ಯಾರೋ ದಾನಿಗಳು ಕೊಟ್ಟ ಬಟ್ಟೆಯಲ್ಲಿ ಬಂದರು. ಒಬ್ಬನಿಗೆ ಮೊಣಕಾಲು ದಾಟುವ ದೊಡ್ಡವರ ಟೀ ಶರ್ಟ್, ಒಬ್ಬಳಿಗೆ ಜರಿ ಹಚ್ಚಿದ ಮದುವೆ ಫ್ರಾಕು. ಮಕ್ಕಳು ಒಬ್ಬರನ್ನೊಬ್ಬರು ನೋಡಲಿಲ್ಲ. ಗದ್ದಲವೇ ಇಲ್ಲದ ತರಗತಿ ನಾನು ಅವತ್ತೇ ನೋಡಿದ್ದು. ಹೊಸ ಯೂನಿಫಾರ್ಮ್ ಬಂದು, ಹೊಲಿದು, ಹಾಕಿಕೊಂಡ ದಿನ ಮತ್ತೆ ಗದ್ದಲ ಶುರುವಾಯಿತು. ಮಧ್ಯಾಹ್ನದ ಊಟಕ್ಕೆ ಸಾಲು ತಪ್ಪಿಸಿ ನೂಕಾಡಿದರು. ನಾನು ಬಯ್ಯಲಿಲ್ಲ, ನಿಂತು ನೋಡಿದೆ.

ಯೂನಿಫಾರ್ಮ್ ಹಾಕಿದರೆ ಅಂಕ ಜಾಸ್ತಿ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಕಂಡಿಲ್ಲ. ಆದರೆ ಮಗು ನಾಚಿಕೆ ಇಲ್ಲದೆ ಒಳಗೆ ಬಂದು ಕೂರುತ್ತೆ. ನನಗೆ ಬೇಕಾದದ್ದು ಅದು.


ತಾಂಡಾದ ಮಗಳು, ವಿಜಯಪುರ

ಸರ್, ಸಂಜೆ ಹೊತ್ತು ಕೊಡುತ್ತೀರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ.


ಮಗ್ಗದ ಮನೆ, ಬನಹಟ್ಟಿ

ಸರ್ಕಾರಿ ಶಾಲೆಯ ಬಟ್ಟೆ ಎಲ್ಲಿಂದ ಬರುತ್ತೆ ಅಂತ ಯಾರೂ ಬರೆಯಲಿಲ್ಲ. ನಾನು ಹೇಳುತ್ತೇನೆ, ಯಾಕಂದ್ರೆ ನಮ್ಮ ಮನೆಯಿಂದ ಹೋಗಿದೆ.

ಸರ್ಕಾರ ವಿದ್ಯಾ ವಿಕಾಸ ಯೋಜನೆಯಲ್ಲಿ ಉಚಿತ ಪಠ್ಯಪುಸ್ತಕ, ಉಚಿತ ಸಮವಸ್ತ್ರ ಕೊಡುತ್ತೆ. ಅದರ ಬಟ್ಟೆಯನ್ನ ನೇಯಿಸುವವರಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮವೂ ಒಂದು. 1975ರಲ್ಲಿ ಶುರುವಾದ ನಿಗಮ. ನಮ್ಮ ಅಪ್ಪ ಅದಕ್ಕೆ ನೇಯುತ್ತಿದ್ದರು. ನೂಲು ನಿಗಮದ್ದು, ಮಗ್ಗ ಮತ್ತು ಮೈ ನಮ್ಮದು. ಮೀಟರ್ ಲೆಕ್ಕದಲ್ಲಿ ಕೂಲಿ. ಅವ್ವ ಕಂಡಿಕೆ ಸುತ್ತುವಳು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತರೆ ಕತ್ತಲಾಗುವ ತನಕ ಲಾಳಿ ಓಡುತ್ತಿತ್ತು. ನಾನು ಆ ಸಪ್ಪಳದಲ್ಲೇ ಅಭ್ಯಾಸ ಮಾಡಿದವನು. ಈಗಲೂ ತೀರಾ ಸದ್ದಿಲ್ಲದ ಮನೆಯಲ್ಲಿ ನನಗೆ ನಿದ್ದೆ ಹತ್ತೋದು ತಡ.

ಒಂದು ದಿನ ಅಪ್ಪನ ಜೊತೆ ಬಸ್ಸಿನಲ್ಲಿ ಜಮಖಂಡಿಗೆ ಹೊರಟಿದ್ದೆ. ದಾರಿಯಲ್ಲಿ ಒಂದು ಹಳ್ಳಿಯ ಶಾಲೆ ಬಿಟ್ಟಿತ್ತು, ಮಕ್ಕಳು ರಸ್ತೆ ತುಂಬ. ಅಪ್ಪ ಕಿಟಕಿಯಿಂದ ನೋಡಿ, 'ಇದರಾಗ ನಮ್ಮದೂ ಇರಬೇಕು' ಅಂದರು. ಯಾವ ಮಗುವಿನ ಮೈಮೇಲೆ ಅಂತ ಹೇಳೋಕಾಗಲ್ಲ. ಆದರೂ ಆ ಮಕ್ಕಳು ಕಣ್ಣಿಗೆ ಕಾಣೋ ತನಕ ಅಪ್ಪ ಹಿಂದೆ ತಿರುಗಿ ನೋಡುತ್ತಲೇ ಇದ್ದರು.

ಬಟ್ಟೆ ತಡ ಆಯಿತು ಅಂತ ಬಯ್ಯುವವರಿಗೆ ಒಂದು ಮಾತು. ನೂಲು ತಡವಾಗಿ ಬಂದರೆ ಮಗ್ಗ ಖಾಲಿ. ನೇಕಾರನಿಗೆ ಅಷ್ಟು ದಿನ ಕೂಲಿ ಇಲ್ಲ, ಮಕ್ಕಳಿಗೆ ಅಷ್ಟು ದಿನ ಅಂಗಿ ಇಲ್ಲ. ಎರಡೂ ಒಂದೇ ಎಳೆಯ ಎರಡು ತುದಿ. ಜೂನ್‌ನಲ್ಲಿ ಮಗುವಿನ ಮೈಮೇಲೆ ಇರಬೇಕಾದರೆ ಚಳಿಗಾಲದಲ್ಲೇ ನಮ್ಮ ಓಣಿಗೆ ನೂಲು ಬಂದಿರಬೇಕು. ಇಳಕಲ್ಲು, ಗುಳೇದಗುಡ್ಡ, ರಬಕವಿ, ಬನಹಟ್ಟಿ, ಇಷ್ಟೊಂದು ನೇಕಾರರ ಊರುಗಳಿರುವ ಜಿಲ್ಲೆ ನಮ್ಮದು. ನಮ್ಮ ಜಿಲ್ಲೆಯ ಖಾಸಗಿ ಶಾಲೆಗಳು ಎಲ್ಲಿಂದಲೋ ರೆಡಿಮೇಡ್ ತರಿಸುವ ಬದಲು ಇಲ್ಲೇ ನೇಯಿಸಿದರೆ ಎಷ್ಟು ಮಗ್ಗ ಉಳಿಯುತ್ತಿತ್ತು ಅಂತ ಯೋಚಿಸಿ.


ಎರಡನೇ ಪಿಯು, ಜಮಖಂಡಿ

ಬನಹಟ್ಟಿ ಅಣ್ಣಾ, ನಾನು ಏಳನೇ ತನಕ ಸರ್ಕಾರಿ ಶಾಲೆಯಲ್ಲೇ ಓದಿದ್ದು. ನಿಮ್ಮ ಅಪ್ಪ ನೇಯ್ದ ಬಟ್ಟೆ ನಾನೂ ಹಾಕಿರಬಹುದು. ತಾಂಡಾದ ಅಕ್ಕ ಹೇಳಿದ್ದಕ್ಕೂ ನನ್ನ ಹತ್ತಿರ ಎದುರು ಮಾತಿಲ್ಲ. ಆದರೂ ಪಿಯುಸಿ ಹುಡುಗರಿಗೆ ಸ್ವಲ್ಪ ಸಡಿಲ ಬಿಡಬೇಕು ಅನ್ನೋ ನನ್ನ ಮಾತು ಹಾಗೇ ಇದೆ. ಸಣ್ಣ ಮಕ್ಕಳಿಗೆ ಇರಲಿ, ಒಪ್ಪಿದೆ.


ವಕೀಲಿ ಮಾಡುವವ, ಬೆಳಗಾವಿ

ನವನಗರದ ಅಣ್ಣಾವ್ರೇ, ನೀವು ಬೇಕಾ ಬೇಡವಾ ಅಂತ ಕೇಳಿದಿರಿ. ನಿಮ್ಮ ಬಿಲ್ಲಿನ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಕರ್ನಾಟಕ ಶಿಕ್ಷಣ ಕಾಯ್ದೆ 1983ರದ್ದು. ಅದರಡಿ 1995ರಲ್ಲಿ ಮಾಡಿದ ನಿಯಮಗಳಿವೆ. 11ನೇ ನಿಯಮ ಯೂನಿಫಾರ್ಮ್ ಬಗ್ಗೆ. ಮಾನ್ಯತೆ ಪಡೆದ ಶಾಲೆ ತನ್ನದೇ ಯೂನಿಫಾರ್ಮ್ ಇಟ್ಟುಕೊಳ್ಳಬಹುದು. ಆದರೆ ಒಮ್ಮೆ ಗೊತ್ತು ಮಾಡಿದ ಮೇಲೆ ಮುಂದಿನ 5 ವರ್ಷ ಬದಲಿಸುವಂತಿಲ್ಲ. ಬದಲಿಸಬೇಕು ಅಂತಿದ್ದರೆ ಕನಿಷ್ಠ 1 ವರ್ಷ ಮೊದಲೇ ಪಾಲಕರಿಗೆ ನೋಟಿಸ್ ಕೊಡಬೇಕು. ಮೇ ಕೊನೆಗೆ ವಾಟ್ಸಾಪ್ ಕಳಿಸಿ ಜೂನ್‌ನಲ್ಲಿ ಹೊಸದು ಅಂದರೆ ಆ ನಿಯಮಕ್ಕೆ ಅದು ಹೊಂದುವುದಿಲ್ಲ.

ಕೇಂದ್ರ ಪಠ್ಯಕ್ರಮದ ಮಕ್ಕಳ ಪಾಲಕರೂ ಇಲ್ಲಿದ್ದರೆ ತಿಳಿದಿರಲಿ, ಶಾಲೆಯ ಒಳಗೆ ಅಥವಾ ಗೊತ್ತು ಮಾಡಿದ ಅಂಗಡಿಯಿಂದಲೇ ಪುಸ್ತಕ, ಯೂನಿಫಾರ್ಮ್ ಕೊಳ್ಳಿ ಅಂತ ಒತ್ತಾಯಿಸಬೇಡಿ ಅಂತ ಸಿಬಿಎಸ್‌ಇ 2017ರಲ್ಲೇ ತನ್ನ ಶಾಲೆಗಳಿಗೆ ಹೇಳಿದೆ. ಇದು ನಮ್ಮೊಬ್ಬರ ಊರಿನ ಕಥೆಯೂ ಅಲ್ಲ. ಇಂಗ್ಲೆಂಡಿನಲ್ಲಿ ಯೂನಿಫಾರ್ಮಿನ ಖರ್ಚು ಪಾಲಕರಿಗೆ ಭಾರ ಆಗಬಾರದು ಅಂತ 2021ರಲ್ಲಿ ಒಂದು ಕಾಯ್ದೆಯನ್ನೇ ತಂದರು. ಶಾಲೆಯ ಗುರುತು ಇರುವ ಬಟ್ಟೆ ಆದಷ್ಟು ಕಡಿಮೆ ಇರಲಿ, ಉಳಿದದ್ದು ಯಾವ ಅಂಗಡಿಯಲ್ಲಾದರೂ ಸಿಗುವಂತಿರಲಿ ಅನ್ನುವುದು ಅದರ ದಾರಿ.

ಜಗಳಕ್ಕೆ ಹೋಗಬೇಡಿ. ನಾಲ್ಕು ಪಾಲಕರು ಸೇರಿ, ನಿಯಮದ ಪ್ರತಿ ಹಿಡಿದು, ಒಂದು ಅರ್ಜಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿ. ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಅಲ್ಲಿ ಆಗದಿದ್ದರೆ ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ. ಒಬ್ಬರೇ ಹೋದರೆ ಮಗುವಿಗೆ ತೊಂದರೆ ಆದೀತು ಅನ್ನೋ ಹೆದರಿಕೆ ಎಲ್ಲರಿಗೂ ಇರುತ್ತೆ. ಅದಕ್ಕೇ ಸೇರಿ ಹೋಗಿ ಅಂದಿದ್ದು.


ಟೇಲರ್ ಕಾಕಾ, ಹಳೆ ಬಾಗಲಕೋಟೆ

ನನ್ನ ಮಗ ಇದನ್ನೆಲ್ಲಾ ಓದಿ ಹೇಳಿದ. ನಾನು ಹೇಳಿದ್ದನ್ನ ಅವನೇ ಬರೆಯುತ್ತಿದ್ದಾನೆ.

ಮೂವತ್ತು ವರ್ಷದಿಂದ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಮೊದಲು ಮೇ, ಜೂನ್ ಅಂದ್ರೆ ನಮಗೆ ಸುಗ್ಗಿ. ರಾತ್ರಿ ಒಂದರ ತನಕ ಮಷಿನ್ ನಿಲ್ಲುತ್ತಿರಲಿಲ್ಲ. ಹೆಂಡತಿ ಗುಂಡಿ ಹಚ್ಚುವಳು, ಕಾಜಾ ಮಾಡೋಕೆ ಇಬ್ಬರು ಹುಡುಗರು. ಈಗ ಶಾಲೆಯವರೇ ಅಂಗಡಿ ಗೊತ್ತು ಮಾಡುತ್ತಾರೆ, ರೆಡಿಮೇಡ್ ಬರುತ್ತೆ. ನಮ್ಮ ಹತ್ತಿರ ಬರುವುದು ಉದ್ದ ಕಡಿಮೆ ಮಾಡೋಕೆ, ಜಿಪ್ ಹಾಕೋಕೆ.

ಅದು ನನ್ನ ಹೊಟ್ಟೆಪಾಡು, ಬಿಡಿ. ಪಾಲಕರಿಗೆ ಗೊತ್ತಿರಬೇಕಾದ ಒಂದು ವಿಷಯ ಇದೆ. ನಾವು ಮಕ್ಕಳ ಬಟ್ಟೆ ಹೊಲಿಯುವಾಗ ಕೆಳಗೆ ನಾಲ್ಕು ಬೆರಳು ಮಡಿಕೆ ಬಿಡುತ್ತೇವೆ. ಸೊಂಟದಲ್ಲಿ, ಪಕ್ಕದಲ್ಲಿ ಒಂದೊಂದು ಇಂಚು ಮಾರ್ಜಿನ್. ತಾಯಂದಿರು ಅಳತೆ ಕೊಡುವಾಗಲೇ ಹೇಳುತ್ತಾರೆ, 'ಬೆಳಿಯೋ ಕೂಸೈತಿ, ಜರಾ ದೊಡ್ಡದ ಇರ್ಲಿ.' ಒಂದು ಜೊತೆ ಎರಡು ವರ್ಷ, ಕೆಲವು ಸಲ ಮೂರು ವರ್ಷ ನಡೆಯುತ್ತೆ. ರೆಡಿಮೇಡ್ ಸ್ಕರ್ಟ್ ತಿರುವಿ ನೋಡಿ. ಒಳಗೆ ಅರ್ಧ ಇಂಚೂ ಇರಲ್ಲ, ಅಂಚಿಗೆ ಓವರ್‌ಲಾಕ್ ಹೊಡೆದು ಮುಗಿಸಿರುತ್ತಾರೆ. ಬಿಚ್ಚೋಕೆ ಏನೂ ಇಲ್ಲ. ಮಗು ಎರಡು ಇಂಚು ಬೆಳೆದರೆ ಹೊಸದೇ ತರಬೇಕು. ಬಿಲ್ಲು ಯಾಕೆ ಪ್ರತಿ ವರ್ಷ ಬರುತ್ತೆ ಅಂತ ಈಗ ತಿಳೀತಾ?

ಶಾಲೆಯವರು ಬಣ್ಣ, ಡಿಸೈನ್ ಹೇಳಲಿ. ಬಟ್ಟೆ ಎಲ್ಲಿ ಬೇಕಾದರೂ ತಗೊಂಡು ಯಾರ ಹತ್ತಿರ ಬೇಕಾದರೂ ಹೊಲಿಸಿ ಅಂದರೆ ಸಾಕು. ಸರ್ಕಾರಿ ಶಾಲೆಯ ಮಕ್ಕಳದ್ದು ಬಟ್ಟೆ ಪುಕ್ಕಟೆ ಸಿಕ್ಕರೂ ಹೊಲಿಗೆ ಕೂಲಿ ತಾಯಿ ತಂದೆಯೇ ಕೊಡಬೇಕು ಅಂತ ಬಹಳ ಜನ ಬಂದು ನಿಲ್ಲುತ್ತಾರೆ. ಇಲ್ಲದವರ ಹತ್ತಿರ ನಾನು ದೀಪಾವಳಿ ತನಕ ಕೇಳೋದಿಲ್ಲ.


ಟಿಳಕವಾಡಿ ತಾಯಿ, ಬೆಳಗಾವಿ

ಕಾಕಾ, ಈಗಷ್ಟೇ ಮಗಳ ಸ್ಕರ್ಟ್ ತಿರುವಿ ನೋಡಿದೆ. ನೀವು ಹೇಳಿದ ಹಾಗೇ ಇದೆ. ಒಳಗೆ ಏನೂ ಇಲ್ಲ.

ರಾಮದುರ್ಗದ ಮಾಸ್ತರರ ಟ್ರಂಕಿನ ವಿಷಯ ನಮ್ಮ ಕಟ್ಟಡದ ಹೆಂಗಸರಿಗೆ ಹೇಳಿದೆ. ಒಂದೇ ಶಾಲೆಯ ಒಂಬತ್ತು ಮಕ್ಕಳಿದ್ದಾರೆ ನಮ್ಮಲ್ಲಿ. ನಾಳೆ ಸಂಜೆ ಎಲ್ಲರೂ ಸಣ್ಣದಾದ ಬಟ್ಟೆ ತರುತ್ತಾರೆ. ಮರಾಠಿ ಮಾತಾಡುವ ಮನೆ, ಕನ್ನಡ ಮಾತಾಡುವ ಮನೆ, ಉರ್ದು ಮಾತಾಡುವ ಮನೆ ಎಲ್ಲಾ ಇದೆ. ಅಂಗಿಯ ಅಳತೆ ಎಲ್ಲರಿಗೂ ಅದೇ ಇಂಚು.


ನವನಗರದ ಅಪ್ಪ, ಬಾಗಲಕೋಟೆ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಏನಾಯಿತು ಅಂತ ಹೇಳಬೇಕಲ್ಲ.

ವಕೀಲರು ಹೇಳಿದ ಹಾಗೆ ಹನ್ನೊಂದು ಪಾಲಕರು ಸೇರಿದೆವು. ಆಟೋ ಓಡಿಸುವವರು ಇಬ್ಬರು, ಒಬ್ಬರು ಬ್ಯಾಂಕಿನವರು, ಮೂವರು ತಾಯಂದಿರು. 11ನೇ ನಿಯಮದ ಪ್ರತಿ ತಗೊಂಡು ಹೋದೆವು. ಮುಖ್ಯೋಪಾಧ್ಯಾಯಿನಿ ನಮ್ಮನ್ನ ಕೂರಿಸಿ ಮಾತಾಡಿದರು. ಓದಿ ನೋಡಿ, ಆಡಳಿತ ಮಂಡಳಿಯವರಿಗೆ ಕೇಳಬೇಕು ಅಂದರು. ನಿನ್ನೆ ಮತ್ತೆ ಕರೆದರು. ಹಳೆ ಯೂನಿಫಾರ್ಮ್ ಇರುವ ಮಕ್ಕಳು ಈ ವರ್ಷವೂ ಬರುವ ವರ್ಷವೂ ಅದನ್ನೇ ಹಾಕಬಹುದು, ಯಾರೂ ಏನೂ ಅನ್ನುವುದಿಲ್ಲ ಅಂತ ಹೇಳಿದ್ದಾರೆ. ನಾಲ್ಕನೇ ತರಗತಿ ತನಕ ಟೈ ತೆಗೆದಿದ್ದಾರೆ. ತಾಯಂದಿರು ಶನಿವಾರದ ಪ್ಯಾಂಟಿನ ಮಾತು ಎತ್ತಿದರು. ಟಿಳಕವಾಡಿ ಅಕ್ಕಾರೇ, ಅದಕ್ಕೆ ಅವರು ಒಂದು ನಿಮಿಷವೂ ತಗೊಳ್ಳಲಿಲ್ಲ, ಕಡುನೀಲಿ ಮಾಡುತ್ತೇವೆ ಅಂದರು. ಹೆಣ್ಣುಮಗಳು ಕುರ್ಚಿಯಲ್ಲಿ ಕೂತಿದ್ದರೆ ಎಷ್ಟು ಬೇಗ ತಿಳಿಯುತ್ತೆ ನೋಡಿ.

ಒಂದೇ ಅಂಗಡಿ ಅನ್ನೋದು ಮಾತ್ರ ಇನ್ನೂ ಬಿಟ್ಟಿಲ್ಲ. ಅದಕ್ಕೆ ಬಿಇಒ ಕಚೇರಿಗೆ ಅರ್ಜಿ ಬರೆಯುತ್ತಿದ್ದೇವೆ. ನಾನು ಕೊಂಡಿದ್ದರಲ್ಲಿ ಸ್ಟಿಕ್ಕರ್ ತೆಗೆಯದ ಒಂದೊಂದು ಜೊತೆ ಇತ್ತು. ಅಂಗಡಿಯವರು ವಾಪಸ್ ತಗೊಂಡರು, ದುಡ್ಡು ಕೊಡಲಿಲ್ಲ, ನೋಟ್‌ಬುಕ್ ಕೊಟ್ಟರು.

ನಿನ್ನೆ ರಾತ್ರಿ ಮಗಳ ಹಳೆ ಸ್ಕರ್ಟಿನ ಮಡಿಕೆ ನಾನೇ ಬ್ಲೇಡಿನಿಂದ ಬಿಚ್ಚಿದೆ. ಮೇಲಿನ ಬಟ್ಟೆ ಬಿಸಿಲಿಗೆ, ಒಗೆತಕ್ಕೆ ಮಾಸಿದೆ. ಒಳಗೆ ಮಡಚಿದ್ದ ಭಾಗ ಹೊಸದರ ಹಾಗೆ ಕಡುನೀಲಿ. ಎರಡೂವರೆ ಇಂಚಿನ ಪಟ್ಟಿ. ಮಗಳು ಕಂಪಾಸಿನ ಸ್ಕೇಲ್ ತಂದು ಅಳೆದು, 'ಅಪ್ಪಾ, ನಾ ಒಂದು ವರ್ಷದಾಗ ಇಷ್ಟ ಬೆಳದೀನಿ' ಅಂದಳು. ಆದರೆ ಮಡಿಕೆಯ ಗೆರೆ ಎಷ್ಟು ಇಸ್ತ್ರಿ ಹೊಡೆದರೂ ಹೋಗುತ್ತಿಲ್ಲ, ಬೆಳ್ಳಗೆ ಕಾಣುತ್ತೆ. ಹುಡುಗಿಗೆ ಅದು ಸ್ವಲ್ಪ ಸಂಕೋಚ. ಕಾಕಾ, ಏನಾದರೂ ಮಾಡಬಹುದಾ?


ಟೇಲರ್ ಕಾಕಾ, ಹಳೆ ಬಾಗಲಕೋಟೆ

ಆಗುತ್ತೆ. ಗೆರೆಯ ಮೇಲೆ ಅದೇ ಬಣ್ಣದ ಸಣ್ಣ ಪಟ್ಟಿ ಕೂರಿಸಿದರೆ ಡಿಸೈನ್ ಥರ ಕಾಣುತ್ತೆ, ಯಾರಿಗೂ ತಿಳಿಯಲ್ಲ. ಅಂಚಿಗೆ ಇನ್ನೂ ಒಂದು ಇಂಚು ಪಟ್ಟಿ ಜೋಡಿಸುತ್ತೇನೆ, ಬರುವ ವರ್ಷಕ್ಕೂ ಬರುತ್ತೆ. ಎರಡೂ ಸ್ಕರ್ಟ್ ಕಳಿಸಿ ಕೊಡಿ. ಶುಕ್ರವಾರ ಸಂಜೆ ಕೊಡುತ್ತೇನೆ.